ನನ್ನ ಹೆಲ್ಮೆಟ್ಟಿಗೆ ಭಂಡಾರ ಬಿದ್ದ ದಿನ

ಕೊರೊನಾ ಕಾಟ ಮುಗಿದು, ನಮ್ಮ ಕಡೆಯ ಹಳ್ಳಿಗಳಲ್ಲಿ ಮತ್ತೆ ನಾಟಕಗಳು ಶುರುವಾದ ವರ್ಷದ ಬೇಸಿಗೆ ಅದು. ಎರಡು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದ ಹಳ್ಳಿ ಕಲಾವಿದರೆಲ್ಲ ಒಮ್ಮೆಗೇ ಎದ್ದು ನಿಂತಿದ್ದರು. ಎಲ್ಲರಿಗೂ ಅವಸರ, ಎಲ್ಲರಿಗೂ ಈ ತಿಂಗಳೇ ಆಡಬೇಕು. ನನಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ನಾನು ಕೊಟ್ಟೂರಿನಲ್ಲಿ ಪೇಂಟರ್. ಹೆಸರು ಕೊಟ್ರೇಶ. ನಮ್ಮೂರ ಬಜಾರಿನಲ್ಲಿ ನಿಂತು ಕೊಟ್ರೇಶ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅದಕ್ಕೆ ನನ್ನನ್ನು ಎಲ್ಲರೂ ತುಕ್ಕು ಕೊಟ್ರೇಶ ಎನ್ನುತ್ತಾರೆ. ಅದು ಬೈಗುಳವಲ್ಲ, ಬಿರುದು. ಪ್ಲಾಸ್ಟಿಕ್ಕಿಗೂ ತುಕ್ಕು ಹಿಡಿಸಬಲ್ಲವನು ಈ ಐದು ತಾಲ್ಲೂಕಿನಲ್ಲಿ ನಾನೊಬ್ಬನೇ.

ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೆಲಸ ತಪ್ಪಿತು. ಆಮೇಲೆ ಬೈಕಿನ ಟ್ಯಾಂಕು, ಟ್ರ್ಯಾಕ್ಟರಿನ ಬಾನೆಟ್ಟು ಎಂದು ಕೈ ಹಚ್ಚಿದೆ. ಅಲ್ಲಿಂದ ನಾಟಕದ ಸಾಮಾನಿಗೆ ಬಂದೆ. ಬೈಕಿನವರು ಹಳೆಯದನ್ನು ಹೊಸದು ಮಾಡಿಕೊಡು ಎನ್ನುತ್ತಾರೆ, ನಾಟಕದವರು ಹೊಸದನ್ನು ಹಳೆಯದು ಮಾಡಿಕೊಡು ಎನ್ನುತ್ತಾರೆ. ಎರಡನೆಯದೇ ಕಷ್ಟ. ಹೊಸದು ಮಾಡಲು ಬಣ್ಣ ಗೊತ್ತಿದ್ದರೆ ಸಾಕು. ಹಳೆಯದು ಮಾಡಬೇಕಾದರೆ ಆ ವಸ್ತು ಯಾರ ಕೈಯಲ್ಲಿತ್ತು, ಎಲ್ಲಿ ಬಿದ್ದಿತ್ತು, ಎಷ್ಟು ಮಳೆ ಕಂಡಿತು ಎಂಬುದನ್ನೆಲ್ಲ ಯೋಚನೆ ಮಾಡಬೇಕು.

ಆ ಬೇಸಿಗೆಯಲ್ಲಿ ಅರಸೀಕೆರೆಯ ಗೆಳೆಯರು ಬಂದರು. ಹಾಸನದ ಕಡೆಯ ಅರಸೀಕೆರೆ ಅಲ್ಲ, ನಮ್ಮ ಹರಪನಹಳ್ಳಿ ತಾಲ್ಲೂಕಿನದು. ತಾವೇ ಬರೆದ ಪಾಳೇಗಾರರ ನಾಟಕ ಆಡುವವರಿದ್ದರು. ಸೈನಿಕರಿಗೆ ಹನ್ನೊಂದು, ಪಾಳೇಗಾರನಿಗೆ ಒಂದು, ಒಟ್ಟು ಹನ್ನೆರಡು ಶಿರಸ್ತ್ರಾಣ ಬೇಕು ಎಂದರು.

"ರಟ್ಟಿಗೆ ಹೊಳಿಯೋ ಬೇಗಡಿ ಹಾಳಿ ಹಚ್ಚಿಕೊಡ್ರಿ, ಸಾಕು" ಎಂದ ಒಬ್ಬ.

"ನಿಮ್ಮ ಪಾಳೇಗಾರ ಯುದ್ಧಕ್ಕ ಹೊಂಟಾನೋ, ಮದುವಿ ಮೆರವಣಿಗಿಗೆ ಹೊಂಟಾನೋ?" ಎಂದು ಕೇಳಿದೆ.

ಮೆಕ್ಯಾನಿಕ್ಕುಗಳ ಹತ್ತಿರ ತಿರುಗಾಡಿ ಒಡೆದ, ಪಟ್ಟಿ ಹರಿದ ಅರ್ಧ ಹೆಲ್ಮೆಟ್ಟುಗಳನ್ನು ಕೂಡಿಸಿದೆ. ಒಳಗಿನ ಸ್ಪಂಜು ಕಿತ್ತು ಹಾಕಿ ಗೋಣಿತಟ್ಟು ಅಂಟಿಸಿದೆ. ನೆತ್ತಿಗೆ ಎಣ್ಣೆ ಹಾಕುವ ಲಾಳಿಕೆ ಬೋರಲು ಕೂರಿಸಿ ಮೊನೆ ಮಾಡಿದೆ. ಅಂಚಿಗೆ ತಗಡಿನ ಪಟ್ಟಿ. ಪಟ್ಟಿಯ ಮೇಲೆ ಸಾಲಾಗಿ ಮೊಳೆಯ ತಲೆ ಕಾಣಬೇಕಲ್ಲ, ಅದಕ್ಕೆ ಕಡಲೆಬೇಳೆ. ನಗಬೇಡಿ. ಕಡಲೆಬೇಳೆ ಒಂದು ಕಡೆ ಚಪ್ಪಟೆ, ಒಂದು ಕಡೆ ಗುಂಡಗೆ. ಅಂಟು ಹಚ್ಚಿ ಕೂರಿಸಿ ಬಣ್ಣ ಬಳಿದರೆ ಕಮ್ಮಾರನೂ ಅದನ್ನು ಮೊಳೆ ಎಂದೇ ತಿಳಿಯುತ್ತಾನೆ.

ಬಣ್ಣದ ಕೆಲಸ ಆಮೇಲಿನದು. ಮೊದಲು ಪೂರ್ತಿ ಕಪ್ಪು. ಅದು ಒಣಗಿದ ಮೇಲೆ ಬೆಳ್ಳಿ ಬಣ್ಣದಲ್ಲಿ ಬ್ರಷ್ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ ಉಬ್ಬಿದ ಜಾಗಕ್ಕೆ ಮಾತ್ರ ಸವರಬೇಕು. ಪೆನ್ಸಿಲ್ಲಿನ ಸೀಸದ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದರೆ ಕಬ್ಬಿಣದ ಮಂಕು ಹೊಳಪು ಬರುತ್ತದೆ. ಕೊನೆಗೆ ಸಂದುಗೊಂದಿನಲ್ಲಿ ಇಟ್ಟಿಗೆ ಪುಡಿ, ಕೆಮ್ಮಣ್ಣು, ಟೀ ಡಿಕಾಕ್ಷನ್ನು ಕಲಸಿದ ತುಕ್ಕು. ಕೈ ಮುಟ್ಟುವ ಕಡೆ ಹೊಳಪು, ನೀರು ನಿಲ್ಲುವ ಕಡೆ ತುಕ್ಕು. ಈ ಕೆಲಸದಲ್ಲಿ ಎಡವುವವರೆಲ್ಲ ಎಡವುವುದು ಇಲ್ಲೇ. ತುಕ್ಕು ಚೆನ್ನಾಗಿ ಬಂತು ಎಂದು ಎಲ್ಲ ಕಡೆಗೂ ಬಳಿದುಬಿಡುತ್ತಾರೆ.

ಹನ್ನೆರಡರಲ್ಲಿ ಪಾಳೇಗಾರನದು ನನ್ನ ಕೈಯಿಂದ ಬಂದ ಅತ್ಯುತ್ತಮ ಕೆಲಸ. ಕಾದ ಸೌಟು ಒತ್ತಿ ಎಡಗಡೆ ಒಂದು ಕತ್ತಿಯೇಟಿನ ತಗ್ಗು ಮಾಡಿದ್ದೆ. ಆ ತಗ್ಗಿನಿಂದ ತುಕ್ಕು ಕೆಳಗೆ ಸಣ್ಣಗೆ ಇಳಿದಂತೆ ಬಿಟ್ಟಿದ್ದೆ. ನನ್ನ ಹೆಂಡತಿ ಅದನ್ನು ನೋಡಿ, "ಇದನ್ನ ಮನಿಯಾಗ ಇಡಬ್ಯಾಡ್ರಿ, ಯಾರೋ ಸತ್ತವರದ್ದು ಇದ್ದಂಗೈತಿ" ಎಂದಳು. ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಒಂದು ಸೋಮವಾರ ಹನ್ನೆರಡನ್ನೂ ಬಲೆಯ ಚೀಲಕ್ಕೆ ತುಂಬಿ, ಬೈಕಿನ ಹಿಂದೆ ಕಟ್ಟಿಕೊಂಡು ಅರಸೀಕೆರೆಗೆ ಹೊರಟೆ. ದಾರಿಯಲ್ಲಿ ಸೇತುವೆ ಕೆಲಸ ನಡೆದು ಹೊಲದ ಪಕ್ಕದ ಹಾದಿಗೆ ತಿರುಗಿಸಿದ್ದರು. ಕುಲುಕಾಟವೆಂದರೆ ಕುಲುಕಾಟ. ಅರಸೀಕೆರೆಯಲ್ಲಿ ಬಿಚ್ಚಿ ಎಣಿಸಿದರೆ ಹನ್ನೊಂದು. ಬಲೆಯ ಬಾಯಿಯ ಹಗ್ಗ ಸಡಿಲಾಗಿತ್ತು. ಬಿದ್ದದ್ದು ಪಾಳೇಗಾರನದೇ! ಅದೇ ದಾರಿಯಲ್ಲಿ ನಿಧಾನವಾಗಿ ವಾಪಸು ಬಂದೆ. ಸಿಗಲಿಲ್ಲ. ಶನಿವಾರ ನಾಟಕ. ಅಷ್ಟರೊಳಗೆ ಇನ್ನೊಂದು ಮಾಡಿಕೊಡುತ್ತೇನೆ ಎಂದು ಅವರಿಗೆ ಹೇಳಿದೆ. ಆದರೆ ಅಂಥ ಕತ್ತಿಯೇಟು ಮತ್ತೆ ಬೀಳುತ್ತದೋ ಇಲ್ಲವೋ ಎಂಬ ಕೊರಗು ಇತ್ತು.

ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿದ್ದವನು ತನ್ನ ಗೆಳೆಯನಿಗೆ ಹೇಳುತ್ತಿದ್ದ. "ನಿನಗ ಗೊತ್ತಿಲ್ಲೇನು? ಸೇತುವಿ ಕೆಲಸ ನಡದೈತಲ್ಲ, ಅಲ್ಲಿ ಹೊಲದಾಗ ಕೃಷಿ ಹೊಂಡ ತೋಡಾಕ ಹೋದ್ರ ರಾಜನ ಕಬ್ಬಿಣದ ಟೊಪಿಗಿ ಸಿಕ್ಕೈತಂತ. ಕತ್ತಿ ಏಟು ಬಿದ್ದಿದ್ದು ಹಂಗೇ ಐತಂತ ಅದರ ಮ್ಯಾಲೆ!"

ಮಿರ್ಚಿ ಅಲ್ಲೇ ಬಿಟ್ಟು ಎದ್ದೆ.

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನವರು ಈಗ ನನಗೆ ಬೇಕಾದವರು. ರಸ್ತೆಗೆ ಹತ್ತಿಕೊಂಡೇ ಒಂದು ಹೊಲ. ಹೊಂಡ ತೋಡಿದ ಮಣ್ಣನ್ನು ಜೆಸಿಬಿ ರಸ್ತೆಯ ಬದಿಗೇ ಗುಡ್ಡೆ ಹಾಕಿತ್ತು. ಅದನ್ನು ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ನನ್ನ ಬಲೆಯಿಂದ ಜಾರಿದ್ದು ಉರುಳಿ ಆ ಮಣ್ಣಿನ ಬುಡಕ್ಕೆ ಹೋಗಿದೆ, ಅದರ ಮೇಲೆ ಮತ್ತೆ ಮಣ್ಣು ಬಿದ್ದಿದೆ, ಮಾರನೆಯ ದಿನ ಗುಡ್ಡೆ ಹರಡುವಾಗ ಮೇಲೆ ಬಂದಿದೆ.

ಬೇವಿನ ಮರದ ಕೆಳಗೆ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಮಧ್ಯದಲ್ಲಿ ಕರಿ ಕಂಬಳಿ ಹಾಸಿ, ಅದರ ಮೇಲೆ ನನ್ನ ಹೆಲ್ಮೆಟ್ಟನ್ನು ಇಟ್ಟಿದ್ದರು. ಅದರ ಮುಂದೆ ಕುಂಕುಮ, ಊದಿನಕಡ್ಡಿ, ಎರಡು ತೆಂಗಿನಕಾಯಿ ಹೋಳು. ಮೊನೆಯ ಮೇಲಿಂದ ಕೆಳಗಿನವರೆಗೆ ಮೈಲಾರಲಿಂಗನ ಭಂಡಾರ ಎರಚಿದ್ದರು. ಆ ಹಳದಿ ಪುಡಿ ತುಕ್ಕಿನ ಮೇಲೆ ಬಿದ್ದು, ನನ್ನಾಣೆಗೂ ಹೇಳುತ್ತೇನೆ, ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಆಗಲೇ ಬಾಯಿಬಿಟ್ಟು "ಇದು ನಾಟಕದ ಸಾಮಾನು ಐತ್ರಪ್ಪ" ಎನ್ನಬೇಕಿತ್ತು. ಅನ್ನಲಿಲ್ಲ. ಜನರ ಹಿಂದೆ ನಿಂತುಕೊಂಡೆ. ದಪ್ಪ ಕನ್ನಡಕದ ಒಬ್ಬ ಹಿರಿಯರು, ಊರವರು ಗೌಡ್ರು ಎನ್ನುತ್ತಿದ್ದರು, ಬಗ್ಗಿ ನೋಡಿ, "ನಾಕ್ನೂರು ವರ್ಷಕ್ಕ ಕಮ್ಮಿ ಇಲ್ಲ ಬಿಡ್ರಿ" ಎಂದರು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಹೆಂಗ ಹೇಳ್ತೀರಿ ಯಜಮಾನ್ರ?" ಎಂದು ಕೇಳಿದೆ. ಗೊತ್ತಿಲ್ಲದೆ ಕೇಳಿದ್ದಲ್ಲ, ಇನ್ನೊಂದು ಸಲ ಹೊಗಳಲಿ ಎಂದು.

"ತುಕ್ಕು ನೋಡಪ್ಪ. ಇಂಥಾ ತುಕ್ಕು ಈಗಿನ ಕಬ್ಬಿಣಕ್ಕ ಬರಾಂಗಿಲ್ಲ. ಮಾಡಿದವ ಕಸುಬು ಬಲ್ಲವ ಇದ್ದ."

"ಮೊಳಿ ಹೊಡದಿದ್ದು ಹೆಂಗೈತ್ರಿ?" ಎಂದೆ.

"ಒಂದಕ್ಕೊಂದು ಸಮ ಅದಾವು. ಈಗಿನವರು ಎಲ್ಲಿ ಹೊಡೀತಾರ!"

ಹೀಗೆ ಐದು ನಿಮಿಷ, ಹತ್ತು ನಿಮಿಷವೇ ಇರಬಹುದು, ನಿಂತು ನನ್ನಷ್ಟಕ್ಕೆ ನಗುತ್ತ ಆನಂದ ಪಟ್ಟೆ. ಬದುವಿನ ಮೇಲೆ ಐವತ್ತರ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು ಒಬ್ಬಳೇ ಕೂತಿದ್ದಳು. ಅವಳೂ ನೋಡಲು ಬಂದವಳೇ ಎಂದುಕೊಂಡೆ.

ಅಷ್ಟರಲ್ಲಿ ಗಡಿಯಾರ ಕಟ್ಟಿದ, ಬಿಳಿ ಅಂಗಿಯ ಒಬ್ಬ ಮುಂದೆ ಬಂದ. "ಹನ್ನೊಂದೂವರಿ ಆತು. ಹನ್ನೆರಡಕ್ಕ ಅಂತ ಮಾತಾಗೈತಿ. ಏಳು ಹಾಲವ್ವ, ಭಂಡಾರ ಮುಟ್ಟು. ಹಂಡೆ ಎಲ್ಲೈತಿ ಹೇಳು, ಇಲ್ಲಾ ಸಿಕ್ಕಿಲ್ಲ ಅಂತ ಮೈಲಾರಲಿಂಗನ ಮ್ಯಾಲೆ ಆಣಿ ಮಾಡು."

ಬದುವಿನ ಮೇಲಿದ್ದ ಹೆಂಗಸು ತಲೆ ಎತ್ತಲಿಲ್ಲ. "ಸಿಕ್ಕಿಲ್ಲ ಅಂತ ಮೂರು ದಿನದಿಂದ ಹೇಳಾಕತ್ತೀನಿ ನಿಂಗಪ್ಪ. ಮಾಡದ ತಪ್ಪಿಗೆ ನಾನು ಆಣಿ ಮಾಡಾಂಗಿಲ್ಲ. ಇವತ್ತು ಮುಟ್ಟಿದ್ರ, ನಾಳೆ ನಮ್ಮನ್ಯಾಗ ಒಂದು ಎಮ್ಮಿ ಸತ್ತರೂ ಅದಕ್ಕ ಅಂತೀರಿ."

ಪಕ್ಕದವನನ್ನು ಏನಿದು ಎಂದು ಕೇಳಿದೆ. ಅವನು ಹೇಳಿದ್ದಿಷ್ಟು. ಹೊಲ ಹಾಲವ್ವನದು. ಗಂಡ ತೀರಿಕೊಂಡು ಆರು ವರ್ಷ. ನಿಂಗಪ್ಪ ಅವಳ ಮೈದುನ. ನಮ್ಮ ಸೀಮೆಯಲ್ಲಿ ನೆಲದಿಂದ ಹಳೆಯದು ಏನು ಬಂದರೂ ಜನಕ್ಕೆ ಮೊದಲು ನೆನಪಾಗುವುದು ಹೊನ್ನಿನ ಹಂಡೆ. ಪಾಳೇಗಾರರು ಓಡಿಹೋಗುವಾಗ ಹೂತಿಟ್ಟರು, ಅದನ್ನು ಸರ್ಪ ಕಾಯುತ್ತದೆ, ಬರಿಗೈಯಲ್ಲಿ ಮುಟ್ಟಿದವರು ರಕ್ತ ಕಾರುತ್ತಾರೆ ಎಂಬ ಮಾತು ಎಲ್ಲ ಊರಿನಲ್ಲೂ ಇದೆ. ಟೊಪ್ಪಿಗೆ ಸಿಕ್ಕಿದೆ ಎಂದ ಮೇಲೆ ಹಂಡೆಯೂ ಸಿಕ್ಕಿರಲೇಬೇಕು, ಹೊಲ ಹಿರಿಯರದು, ಅರ್ಧ ಪಾಲು ನನ್ನದು ಎಂದು ನಿಂಗಪ್ಪ ಹಟ ಹಿಡಿದಿದ್ದ. ಹಾಲವ್ವನ ಮನೆಯ ಅಡುಗೆಮನೆಯ ನೆಲ ಅಗೆದು ನೋಡಿದ್ದರು. ಅವಳ ಮಗಳಿಗೆ ಹಡಗಲಿ ಕಡೆಯಿಂದ ಗಂಡು ಗೊತ್ತಾಗಿತ್ತು. ನಿಧಿ ಮುಟ್ಟಿದ ಮನೆ ನಮಗೆ ಬೇಡ ಎಂದು ಅವರು ಹಿಂದಿನ ದಿನ ಫೋನು ಮಾಡಿ ಹೇಳಿದ್ದರಂತೆ.

ಜನರನ್ನು ಸರಿಸಿಕೊಂಡು ಮುಂದೆ ಹೋಗಿ, "ನಿಲ್ಲಿಸ್ರಿ. ಅದು ನಂದು" ಎಂದೆ.

ಹೇಳಬಾರದ ಮಾತು ಅದೊಂದೇ ಆಗಿತ್ತು. "ನಂದು" ಎನ್ನುತ್ತಲೇ ಎಂಬತ್ತು ಜನ ಒಟ್ಟಿಗೆ ತಿರುಗಿದರು. ಅರ್ಧ ಪಾಲು ಕೇಳುತ್ತಿದ್ದವನ ಎದುರು ಪೂರ್ತಿ ಪಾಲು ಕೇಳುವವನು ಬಂದನಲ್ಲ!

"ನಿಂದಾ? ನಿಮ್ಮಪ್ಪ ಪಾಳೇಗಾರ ಏನಲೇ?" ಎಂದು ನಿಂಗಪ್ಪ ನನ್ನ ಕೊರಳಪಟ್ಟಿಗೆ ಕೈ ಹಾಕಿದ.

"ಹಂಗಲ್ರಿ, ನಾನು ಮಾಡಿದ್ದು ಅದು. ನಾಟಕದ್ದು. ಸೋಮವಾರ ಬೈಕಿನಿಂದ ಬಿದ್ದೈತಿ. ಒಳಗ ಗೋಣಿತಟ್ಟು ಐತಿ ನೋಡ್ರಿ, ಬೇಕಾದ್ರ ಎತ್ತಿ ತೋರಿಸ್ತೀನಿ" ಎಂದು ಕೈ ಚಾಚಿದೆ.

ಇಬ್ಬರು ನನ್ನ ರಟ್ಟೆ ಹಿಡಿದುಕೊಂಡರು. "ಮುಟ್ಟಬ್ಯಾಡ! ಇವ ನಿಧಿ ಅಗಿಯೋ ಗುಂಪಿನವ. ಮುಟ್ಟಿ ಏನರ ಮಂತ್ರ ಹಾಕಿಬಿಡ್ತಾನ" ಎಂದು ಒಬ್ಬ ಕೂಗಿದ. ಮೂರು ದಿನದಿಂದ ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಮಣ್ಣಿನ ಸಮೇತ ಸಲಿಕೆಯಲ್ಲಿ ಎತ್ತಿ ಕಂಬಳಿಯ ಮೇಲೆ ಇಟ್ಟಿದ್ದರು. ಒಬ್ಬನಾದರೂ ಕೈಯಲ್ಲಿ ಎತ್ತಿದ್ದರೆ ಅದರ ಬಂಡವಾಳ ಅಲ್ಲೇ ಬಯಲಾಗುತ್ತಿತ್ತು. ಈಗ ನಾನು ಹೇಳಿದ್ದನ್ನು ಕೇಳುವವರಿಲ್ಲ, ತೋರಿಸಲು ಬಿಡುವವರಿಲ್ಲ. ಗೌಡರೂ ಕನ್ನಡಕ ಸರಿಮಾಡಿಕೊಂಡು, "ಅಲ್ಲೋ ತಮ್ಮಾ, ಈಗಷ್ಟ ಎಷ್ಟು ಹಳೇದು ಅಂತ ನನ್ನನ್ನ ಕೇಳಿದವ ನೀನ ಅಲ್ಲೇನು? ನಿಂದಾಗಿದ್ರ ನನ್ನನ್ನ ಯಾಕ ಕೇಳ್ತಿದ್ದಿ?" ಎಂದರು.

ಹೊಗಳಿಸಿಕೊಳ್ಳಲು ಕೇಳಿದೆ ಎಂದು ಎಂಬತ್ತು ಜನರ ಎದುರು ಹೇಗೆ ಹೇಳಲಿ?

ಆದರೆ ಕೆಲಸದ ವಿಷಯಕ್ಕೆ ಬಂದರೆ ನಾನು ಹಿಂದೆ ಸರಿದವನೇ ಅಲ್ಲ. "ಆತು, ಅದನ್ನ ಮುಟ್ಟಾಂಗಿಲ್ಲ. ಇಲ್ಲೇ, ನಿಮ್ಮ ಎಲ್ಲರ ಎದುರಿಗೆ, ಇನ್ನೊಂದು ಮಾಡಿ ತೋರಿಸ್ತೀನಿ. ಒಂದು ತಾಸು ಕೊಡ್ರಿ. ಯಾರದರ ಒಂದು ಹೆಲ್ಮೆಟ್ ಕೊಡ್ರಿ" ಎಂದೆ.

ನಿಂಗಪ್ಪ ಗಹಗಹಿಸಿ ನಕ್ಕ. ಮರಕ್ಕೆ ಒರಗಿಸಿದ್ದ ತನ್ನ ಬೈಕಿನ ಕನ್ನಡಿಗೆ ನೇತು ಹಾಕಿದ್ದ ಕೆಂಪು ಹೆಲ್ಮೆಟ್ಟನ್ನು ತಂದು ನನ್ನ ಕಾಲ ಬುಡಕ್ಕೆ ಹಾಕಿದ. ಹೊಚ್ಚ ಹೊಸದು, ಮೇಲಿನ ಸ್ಟಿಕ್ಕರು ಕೂಡ ಕಿತ್ತಿರಲಿಲ್ಲ. "ಮಾಡಲೇ. ನೋಡೇಬಿಡಾಣ. ಆಗದಿದ್ರ ಇಲ್ಲಿಂದ ನಡಕೊಂಡು ಹೋಗಾಂಗಿಲ್ಲ ನೀನು."

"ಆದ್ರ?" ಎಂದು ಗೌಡರು ಕೇಳಿದರು.

"ಆದ್ರ ಹಾಲವ್ವ ಆಣಿ ಮಾಡೋದು ಬ್ಯಾಡ" ಎಂದ ನಿಂಗಪ್ಪ. ಅಷ್ಟು ಭರವಸೆ ಅವನಿಗೆ ಅದು ಆಗುವುದಿಲ್ಲ ಎಂದು. ನನಗೂ ಅಷ್ಟೇ ಭರವಸೆ ಇತ್ತು, ಆಗುತ್ತದೆ ಎಂದು.

ಬಣ್ಣದ ಚೀಲ ನನ್ನ ಬೈಕಿನಲ್ಲಿ ಯಾವಾಗಲೂ ಇರುತ್ತದೆ. ಚಕ್ಕಳ ಮಕ್ಕಳ ಹಾಕಿ ಕೂತೆ. ಮೊದಲು ಮರಳು ಕಾಗದದಿಂದ ಆ ಕೆಂಪು ಹೊಳಪನ್ನು ಗರಗರ ತಿಕ್ಕಿದೆ. ನಿಂಗಪ್ಪನ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಪಾಪ. ಜೆಸಿಬಿ ಡ್ರೈವರ್ ತನ್ನ ಡೀಸೆಲ್ ಲಾಳಿಕೆ ಕೊಟ್ಟ. ಅದನ್ನು ನೆತ್ತಿಯ ಮೇಲೆ ಬೋರಲು ಹಾಕಿ ಅಂಟಿಸಿದೆ. ತಗಡಿನ ಪಟ್ಟಿ ಚೀಲದಲ್ಲೇ ಇತ್ತು.

"ಒಂದು ಹಿಡಿ ಕಡ್ಲಿಬ್ಯಾಳಿ ಬೇಕ್ರಿ" ಎಂದೆ.

"ಹಸಿವಾತೇನಪ್ಪ?" ಎಂದರು ಯಾರೋ. ಎಲ್ಲರೂ ನಕ್ಕರು.

ಯಾರೂ ಏಳಲಿಲ್ಲ. ಎದ್ದದ್ದು ಹಾಲವ್ವ. ಹೊಲದಾಚೆಯೇ ಇದ್ದ ಮನೆಗೆ ಹೋಗಿ ಸೆರಗಿನ ತುದಿಯಲ್ಲಿ ಕಡಲೆಬೇಳೆ ಕಟ್ಟಿಕೊಂಡು ಬಂದಳು. ಜೊತೆಗೆ ನಾನು ಕೇಳಿದ ಟೀ ಡಿಕಾಕ್ಷನ್ನು, ಒಂದು ಇಟ್ಟಿಗೆ ಚೂರು. ನನ್ನ ಮುಂದೆ ಇಟ್ಟು, ಮತ್ತೆ ಬದುವಿಗೆ ಹೋಗಿ ಕೂತಳು.

ಬೇಳೆಗಳನ್ನು ಒಂದೊಂದಾಗಿ ಪಟ್ಟಿಯ ಮೇಲೆ ಕೂರಿಸುವಾಗ ನಗು ನಿಂತಿತು. ಕಪ್ಪು ಬಳಿದು ಬಿಸಿಲಿಗೆ ಹಿಡಿದೆ. ನಮ್ಮ ಕಡೆಯ ಬೇಸಿಗೆ ಬಿಸಿಲಿಗೆ ಬಣ್ಣ ಕಣ್ಣು ಮಿಟುಕಿಸುವುದರೊಳಗೆ ಒಣಗುತ್ತದೆ. ಇನ್ನೊಂದು ಕೈ ಬಳಿದೆ. ಬೆಳ್ಳಿ ಬಣ್ಣ ಒರೆಸಿ ಒರೆಸಿ ಸವರಿದೆ. ಸೀಸದ ಪುಡಿ ತಿಕ್ಕತೊಡಗಿದಾಗ ಕೆಂಪು ಹೆಲ್ಮೆಟ್ಟು ಹೋಗಿ ಕಬ್ಬಿಣ ಬರಲು ಶುರುವಾಯಿತು. ಹಿಂದಿನವರು ಮುಂದಿನವರ ಹೆಗಲ ಮೇಲೆ ಕೈ ಇಟ್ಟು ಬಗ್ಗಿ ನೋಡುತ್ತಿದ್ದರು. ನನ್ನ ರಟ್ಟೆ ಹಿಡಿದಿದ್ದ ಇಬ್ಬರಲ್ಲಿ ಒಬ್ಬ ಈಗ ನನಗೆ ಬಿಸಿಲು ಬೀಳದಂತೆ ಟವೆಲ್ ಹಿಡಿದು ನಿಂತಿದ್ದ.

ಕೊನೆಗೆ ತುಕ್ಕು. ಇಟ್ಟಿಗೆ ಪುಡಿ, ಅವರ ಹೊಲದ್ದೇ ಕೆಮ್ಮಣ್ಣು, ಡಿಕಾಕ್ಷನ್ನು ಕಲಸಿ, ಹಳೆಯ ಬ್ರಷ್ಷಿನಿಂದ ಮೊಳೆಗಳ ಬುಡಕ್ಕೆ, ಲಾಳಿಕೆಯ ಸುತ್ತಲಿನ ಸಂದಿಗೆ ಕುಟ್ಟಿ ಕುಟ್ಟಿ ಹಚ್ಚಿದೆ. ಕೈ ಮುಟ್ಟುವ ಅಂಚನ್ನು ಹೆಬ್ಬೆರಳಿನಿಂದ ಒರೆಸಿ ಹೊಳಪು ಬಿಟ್ಟೆ. ಕತ್ತಿಯೇಟು ಹಾಕಲು ಸೌಟಿರಲಿಲ್ಲ, ಚಾಕುವಿನಿಂದ ಗೀರಿ ಅಲ್ಲಿಂದ ತುಕ್ಕು ಇಳಿಸಿದೆ. ಅದು ಒಣಗಿದ ಮೇಲೆ ಗೌಡರಿಗೆ ಹೇಳಿದೆ. "ಯಜಮಾನ್ರ, ಕಂಬಳಿ ಮ್ಯಾಲಿಂದ ಒಂದು ಚಿಟಿಕಿ ಭಂಡಾರ ತಗೊಂಡು ಇದರ ಮ್ಯಾಲೂ ಹಾಕ್ರಿ."

ಹಾಕಿದರು. ಹೊಸದನ್ನು ಕಂಬಳಿಯ ಮೇಲೆ ಮೊದಲನೆಯದರ ಪಕ್ಕದಲ್ಲಿ ಇಟ್ಟೆ. ಗೌಡರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು. ಇದರ ಹತ್ತಿರ ಹೋದರು, ಅದರ ಹತ್ತಿರ ಹೋದರು. ಆಮೇಲೆ ನಿಂಗಪ್ಪನ ಹೆಲ್ಮೆಟ್ಟಿನ ಮುಂದೆ ನಿಂತು, "ನೀ ಏನ ಹೇಳಪ್ಪ ತಮ್ಮಾ, ರಾಜನದು ಅಂದ್ರ ರಾಜನದ. ಇದರ ಕಳಾನ ಬ್ಯಾರೆ" ಎಂದರು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಜೆಸಿಬಿ ಡ್ರೈವರ್, "ಗೌಡ್ರ, ಅದು ನಿಂಗಪ್ಪಂದ್ರೀ! ನನ್ನ ಲಾಳಿಕಿ ಐತಿ ಅದರ ಮ್ಯಾಲೆ!" ಎಂದು ಕೂಗಿದ. ಬೇವಿನ ಮರದ ಹಕ್ಕಿಗಳೆಲ್ಲ ಹಾರಿಹೋಗುವಂತೆ ಜನ ನಕ್ಕರು. ಗೌಡರೂ ನಕ್ಕರು. ನಿಂಗಪ್ಪನ ಮುಖ ಮಾತ್ರ ಇಂಗು ತಿಂದ ಮಂಗನದಾಗಿತ್ತು.

ಆದರೂ ಕಂಬಳಿಯ ಮೇಲಿದ್ದ ಮೊದಲನೆಯದನ್ನು ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ. ತಿಳಿದಿತ್ತು, ನಕ್ಕಿದ್ದರು, ಆದರೂ ಮೂರು ದಿನದ ಹೆದರಿಕೆ ಕೈ ಬಿಡುತ್ತಿರಲಿಲ್ಲ. ನಾನೇ ಎತ್ತೋಣವೆಂದು ಬಗ್ಗಿದೆ.

"ತಡಿ" ಎಂದಳು ಹಾಲವ್ವ.

ಬದುವಿನಿಂದ ಇಳಿದು ಬಂದಳು. ಜನ ದಾರಿ ಬಿಟ್ಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬಳಿಗೆ ಒಮ್ಮೆ ಕೈ ಮುಗಿದು, ಒಂದೇ ಕೈಯಲ್ಲಿ ಅದನ್ನು ಎತ್ತಿದಳು. ಭಾರ ಇರುತ್ತದೆ ಎಂದು ಜೋರಾಗಿ ಎತ್ತಿದ್ದರಿಂದ ಅದು ಅವಳ ಎದೆಯವರೆಗೆ ಹಾರಿ ಬಂತು. ಭಂಡಾರವೆಲ್ಲ ಅವಳ ಸೀರೆಯ ಮೇಲೆ ಬಿತ್ತು. ಬೋರಲು ಮಾಡಿ ಒಳಗಿನ ಗೋಣಿತಟ್ಟು ನೋಡಿದಳು. ಉಗುರಿನಿಂದ ಒಂದು ಮೊಳೆ ಕಿತ್ತಳು. ಬಣ್ಣ ಸುಲಿದು ಹಳದಿ ಬೇಳೆ ಕಾಣಿಸಿತು. ಅದನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದು, ಥೂ ಎಂದು ಉಗಿದಳು.

ಆಮೇಲೆ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೈದುನನ ಎದುರಿಗೆ ನಿಂತಳು. "ಹಿಡಿಯಪ್ಪ ನಿಂಗಪ್ಪ. ನಿನ್ನ ಅರ್ಧ ಪಾಲು."

ನಿಂಗಪ್ಪ ಕೈ ಚಾಚಲಿಲ್ಲ. ನೆಲ ನೋಡುತ್ತ ನಿಂತ. ಒಬ್ಬರೂ ನಗಲಿಲ್ಲ.

ಗೌಡರು ಅಲ್ಲೇ ನಿಂತು ಹಡಗಲಿ ಕಡೆಯವರಿಗೆ ಫೋನು ಹಚ್ಚಿಸಿ, ಜೋರು ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, "ನಿಧಿ ಅಲ್ರೀ ಅದು, ಕಡ್ಲಿಬ್ಯಾಳಿ" ಎಂದು ವಿವರಿಸಿದರು. ಅವರು ನಂಬಲು ಎರಡು ದಿನ ತೆಗೆದುಕೊಂಡರಂತೆ. ನಂಬಿದರು. ಆ ಮದುವೆಗೆ ನಾನೂ ಹೋಗಿದ್ದೆ. ಮದುವೆ ಮನೆಯ ಬಾಗಿಲಿನ ಮೇಲೆ ವಧೂವರರ ಹೆಸರು ಬರೆದದ್ದು ನಾನೇ. ನಿಂಗಪ್ಪ ಅಲ್ಲಿ ನೀರು ಬಡಿಸುತ್ತಿದ್ದ. ಅವನ ಹೆಲ್ಮೆಟ್ಟನ್ನು ಮತ್ತೆ ಕೆಂಪು ಮಾಡಿಕೊಡುತ್ತೇನೆ ಎಂದೆ, ಬೇಡ ಇರಲಿ ಎಂದ. ಈಗಲೂ ಆ ತುಕ್ಕು ಹೆಲ್ಮೆಟ್ಟಿನಲ್ಲೇ ಓಡಾಡುತ್ತಾನೆ, ಲಾಳಿಕೆ ಮಾತ್ರ ಕಿತ್ತು ಡ್ರೈವರಿಗೆ ಕೊಟ್ಟಿದ್ದಾನೆ.

ಅರಸೀಕೆರೆಯ ನಾಟಕ ಶನಿವಾರ ಚೆನ್ನಾಗಿಯೇ ಆಯಿತು. ಪಾಳೇಗಾರನ ತಲೆಯ ಮೇಲೆ ಅದೇ ಹೆಲ್ಮೆಟ್ಟಿತ್ತು, ಒಂದು ಬೇಳೆ ಮಾತ್ರ ಹೊಸದು. ಅಂದಿನಿಂದ ನಾನು ಮಾಡಿದ ಪ್ರತಿ ಹೆಲ್ಮೆಟ್ಟಿನ ಒಳಗೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ಊರು, ಕೆಳಗೆ 'ನಾಟಕದ ಸಾಮಾನು' ಎಂದು ಬರೆಯುತ್ತೇನೆ. ಹಗ್ಗವನ್ನು ಎರಡು ಸಲ ನೋಡುತ್ತೇನೆ. ಇವೆಲ್ಲ ನಾನು ಕಲಿತ ಪಾಠ. ಆದರೆ ಮರೆಯಲಾಗದ್ದು ಇದಲ್ಲ.

ಆ ಗುರುವಾರ ಜನ ಚದುರಿದ ಮೇಲೆ ಹಾಲವ್ವ ನನ್ನನ್ನು ಊಟಕ್ಕೆ ಕರೆದಳು. ಅಗೆದ ಅಡುಗೆಮನೆಯ ನೆಲಕ್ಕೆ ಹಲಗೆ ಹಾಕಿ, ಅದರ ಮೇಲೆ ಕೂರಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. "ತಪ್ಪಾತವ್ವ, ಹಗ್ಗ ಬಿಗಿ ಕಟ್ಟಬೇಕಿತ್ತು" ಎಂದೆ.

"ಹಗ್ಗ ಸಡ್ಲ ಆಗ್ತೈತಿ, ಅದಕ್ಕ ಯಾರೇನು ಮಾಡ್ಯಾರು" ಎಂದಳು. ಮೊಸರಿನ ಪಾತ್ರೆ ಮುಚ್ಚಿಟ್ಟು, ಸಿಟ್ಟಿಲ್ಲದೆ, ಕೇಳಬೇಕೆನಿಸಿದ್ದನ್ನು ಕೇಳುವವಳಂತೆ ಕೇಳಿದಳು. "ನೀನು ಬಂದಾಗಿಂದ ನಾನು ನೋಡ್ತಿದ್ದೆ ತಮ್ಮಾ. ಮಂದಿ ಹಿಂದ ನಿಂತು ಬಾಳೊತ್ತು ನಗಾಕತ್ತಿದ್ದಿ. ಊರಾಗಿನವರು ನಗೋದು ಸಾಲದ, ಎಲ್ಲಿಂದಲೋ ಬಂದವನೂ ನನ್ನ ನೋಡಿ ನಗಾಕತ್ಯಾನಲ್ಲ ಅಂತ ಆಗ ನನಗ ಅಳು ಬಂತು. ಮೂರು ದಿನ ಅತ್ತಿರಲಿಲ್ಲ ನಾನು. ಯಾಕ ನಗ್ತಿದ್ದಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಿನ್ನ ನೋಡಿ ಅಲ್ಲವ್ವ. ನಿನ್ನ ಕಡೆ ನನಗ ಲಕ್ಷ್ಯಾನ ಇರಲಿಲ್ಲ. ನನ್ನ ಕೆಲಸ ನೋಡಿ ನಗ್ತಿದ್ದೆ" ಎಂದೆ.

ಅವಳು ನನ್ನ ಮುಖ ನೋಡಿದಳು. "ಆತು, ಉಣ್ಣು" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಅವಳು ಅದನ್ನು ಅಲ್ಲಿಗೇ ಬಿಟ್ಟಳು. ನನಗೆ ಬಿಡಲಾಗಿಲ್ಲ. ಒಂದು ತಾಸಿನಲ್ಲಿ ಪ್ಲಾಸ್ಟಿಕ್ಕನ್ನು ಕಬ್ಬಿಣ ಮಾಡಿದ್ದನ್ನು ಹತ್ತು ಜನರ ಮುಂದೆ ಹೆಮ್ಮೆಯಿಂದಲೇ ಹೇಳುತ್ತೇನೆ, ಇನ್ನು ಮುಂದೆಯೂ ಹೇಳುತ್ತೇನೆ. ಆದರೆ ಆ ಮೊದಲಿನ ಹತ್ತು ನಿಮಿಷವನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಹೆಂಡತಿಗೂ. ಇವತ್ತು ಬರೆದಿದ್ದೇನೆ.